ಅಸ್ಥಿಮಜ್ಜೆಯ ಕಸಿ: ಪ್ರೀತಿಗೆ ವಿವೇಕವೂ ಜೊತೆಯಾಗಲಿ

ಕಳೆದ ಮಳೆಗಾಲದ ಒಂದು ಭಾನುವಾರ. ಬೆಳಗಿನ ಬಲಿಪೂಜೆ ಮುಗಿಸಿ ನಾವು ದೇವಾಲಯದ ಮೆಟ್ಟಿಲಿಳಿಯುತ್ತಿದ್ದಾಗ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಎದುರಾದರು. ಅವರ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಅವಮಾನದ ಛಾಯೆಯಿತ್ತು. ಅವರ ಒಂಬತ್ತು ವರ್ಷದ ಮೊಮ್ಮಗನ ಕಾಲುಗಳ ಮೇಲೆ ಪೆಟ್ಟು ಬೀಳದಿದ್ದರೂ ನೀಲಿ ಕಲೆಗಳು ಮೂಡುತ್ತಿದ್ದವು. ಹಲ್ಲುಜ್ಜಿದರೆ ವಸಡಿನಿಂದ ರಕ್ತ ಜಿನುಗುತ್ತಿತ್ತು. ದೃಷ್ಟಿಯಾಗಿದೆ ಎಂದರು ಕೆಲವರು, ಊಟ ಸಾಲದು ಎಂದರು ಇನ್ನು ಕೆಲವರು. ಕೊನೆಗೆ ನಗರದ ಆಸ್ಪತ್ರೆಯಲ್ಲಿ ಪರೀಕ್ಷೆ ನಡೆದು, ಮಗುವಿನ ಅಸ್ಥಿಮಜ್ಜೆ ರಕ್ತವನ್ನು ತಯಾರಿಸುವುದನ್ನೇ ನಿಲ್ಲಿಸಿದೆ ಎಂದು ತಿಳಿಯಿತು. ಕೂಡಲೇ ರಕ್ತ ಬೇಕೆಂಬ ಕರೆ ಬಂತು. ತಂದೆ, ಚಿಕ್ಕಪ್ಪಂದಿರು, ಸೋದರಮಾವ ಎಲ್ಲರೂ ಬಸ್ಸು ಹತ್ತಿ ಓಡಿದರು. ಆದರೆ ಅಲ್ಲಿಯ ವೈದ್ಯರು ಅವರೆಲ್ಲರನ್ನೂ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ್ದರು.

"ಸ್ವಾಮಿ, ಸ್ವಂತ ಸೋದರಮಾವನ ರಕ್ತ ಬೇಡವಂತೆ, ಯಾರೋ ದಾರಿಹೋಕನದ್ದಾದರೆ ಆಗುತ್ತದಂತೆ. ಇದು ಯಾವ ಸೀಮೆಯ ನ್ಯಾಯ? ನೀವೇ ಒಂದು ಮಾತು ಹೇಳಬೇಕು" ಎಂದು ಆ ಹಿರಿಯರು ನಮ್ಮ ಕೈ ಹಿಡಿದರು.

ನಮಗೂ ಅದು ವಿಚಿತ್ರವೆನಿಸಿತು. ಒಡಹುಟ್ಟಿದವರ ನಡುವಿನ ಪ್ರೀತಿಯನ್ನು ಆಸ್ಪತ್ರೆಯ ನಿಯಮವೊಂದು ತಡೆಯುವುದೇ ಎಂಬ ಸಣ್ಣ ಕೋಪವನ್ನೂ ಹೊತ್ತುಕೊಂಡೇ ನಾವು ಆ ವೈದ್ಯರನ್ನು ಕಾಣಲು ಹೋದೆವು. ವಾದಿಸಲೆಂದು ಹೋದವರು ವಿದ್ಯಾರ್ಥಿಗಳಾಗಿ ಮರಳಿದೆವು ಎಂಬುದನ್ನು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಅಂದು ಕಲಿತದ್ದನ್ನೂ, ಆ ಮೇಲೆ ಓದಿ ತಿಳಿದದ್ದನ್ನೂ ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಎಲುಬಿನೊಳಗಿನ ಗದ್ದೆ

ನಮ್ಮ ಎಲುಬುಗಳ ಒಳಗೆ ಮೆತ್ತನೆಯ ಮಜ್ಜೆಯಿದೆ. ಅದರಲ್ಲಿ ಕಾಂಡಕೋಶ ಅಥವಾ ಸ್ಟೆಮ್ ಸೆಲ್ ಎಂದು ಕರೆಯುವ ಮೂಲಕೋಶಗಳಿವೆ. ಅವು ಸಂಖ್ಯೆಯಲ್ಲಿ ಅಲ್ಪವಾದರೂ ಅವುಗಳ ಸಂತತಿ ಅಪಾರ. ಆರೋಗ್ಯವಂತ ವಯಸ್ಕರ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಸೋಂಕನ್ನೆದುರಿಸುವ ಬಿಳಿ ರಕ್ತಕಣಗಳೂ, ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್‌ಗಳೂ ಅಲ್ಲಿಯೇ ಹುಟ್ಟುತ್ತವೆ.

ಈ ಗದ್ದೆ ಬಂಜರಾದರೆ ಮೂರು ಆಪತ್ತುಗಳು ಒಟ್ಟಿಗೆ ಬರುತ್ತವೆ. ಕೆಂಪುಕಣ ಕುಸಿದು ಆಯಾಸ, ಬಿಳಿಕಣ ಕುಸಿದು ಸೋಂಕು, ಪ್ಲೇಟ್‌ಲೆಟ್ ಕುಸಿದು ರಕ್ತಸ್ರಾವ. ಜರ್ಮನಿಯ ವೈದ್ಯವಿಜ್ಞಾನಿ ಪೌಲ್ ಎರ್ಲಿಕ್ 1888ರಲ್ಲಿ ಗರ್ಭಿಣಿಯೊಬ್ಬಳಲ್ಲಿ ಇದನ್ನು ಮೊದಲಿಗೆ ವರ್ಣಿಸಿದರು. ಇಂದು ಇದನ್ನು ಏಪ್ಲಾಸ್ಟಿಕ್ ಅನೀಮಿಯ ಎನ್ನುತ್ತೇವೆ. ಬಹುಪಾಲು ರೋಗಿಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ತನ್ನ ಮಜ್ಜೆಯನ್ನು ಶತ್ರುವೆಂದು ಭಾವಿಸಿ ನಾಶಮಾಡುತ್ತದೆ. ಇನ್ನು ಕೆಲವರಲ್ಲಿ ದೋಷ ಹುಟ್ಟಿನಿಂದಲೇ ಇರುತ್ತದೆ. ಅಂಥವುಗಳಲ್ಲಿ ಮುಖ್ಯವಾದದ್ದು ಫಾಂಕೋನಿ ಅನೀಮಿಯ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೀಡೋ ಫಾಂಕೋನಿ 1927ರಲ್ಲಿ ಒಂದೇ ಮನೆಯ ಮೂವರು ಸಹೋದರರಲ್ಲಿ ಇದನ್ನು ಗುರುತಿಸಿದರು.

ಹೊರಗಿನಿಂದ ರಕ್ತ ಕೊಡುವುದು ದಿನ ದೂಡುವ ಉಪಾಯವೇ ಹೊರತು ಪರಿಹಾರವಲ್ಲ. ಬಾವಿ ಬತ್ತಿದ ಮನೆಗೆ ನೆರೆಮನೆಯ ಕೊಡ ಎಷ್ಟು ದಿನ ಆದೀತು? ತೀವ್ರ ಸ್ವರೂಪದ ರೋಗಕ್ಕೆ, ಅದರಲ್ಲೂ ಮಕ್ಕಳಿಗೆ, ಹೊಂದುವ ದಾನಿಯ ಮೂಲಕೋಶಗಳನ್ನು ಕಸಿ ಮಾಡುವುದೇ ಶಾಶ್ವತ ಪರಿಹಾರ. ಏಪ್ಲಾಸ್ಟಿಕ್ ಅನೀಮಿಯದವರಿಗೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಔಷಧಗಳ ದಾರಿಯೂ ಉಂಟು. ಹುಟ್ಟಿನಿಂದಲೇ ಬಂದ ಫಾಂಕೋನಿಗೆ ಆ ಔಷಧಗಳಿಂದ ಪ್ರಯೋಜನವಿಲ್ಲ.

ಕಸಿಯ ಕಠಿಣ ಹಾದಿ

1958ರಲ್ಲಿ ಅಂದಿನ ಯುಗೋಸ್ಲಾವಿಯದ ವಿಂಚಾ ಎಂಬಲ್ಲಿನ ಪರಮಾಣು ಕೇಂದ್ರದಲ್ಲಿ ಅಪಘಾತವಾಗಿ ಆರು ಮಂದಿ ವಿಕಿರಣಕ್ಕೆ ಒಳಗಾದರು. ಪ್ಯಾರಿಸ್ಸಿನಲ್ಲಿ ಡಾ. ಜಾರ್ಜ್ ಮಾತೆ ಅವರ ತಂಡ ಐವರಿಗೆ ಮಜ್ಜೆಯನ್ನು ನೀಡಿತು. ಅವರಲ್ಲಿ ನಾಲ್ವರು ಬದುಕಿದರು. ಬದುಕಿಸಿದ್ದು ಆ ಮಜ್ಜೆಯೇ ಎಂಬುದು ಇಂದಿಗೂ ಚರ್ಚಾಸ್ಪದ. ಆದರೆ ಭಾಷೆ ಬಾರದ, ಮುಖ ಕಾಣದ ಪರದೇಶಿಗಳಿಗಾಗಿ ಫ್ರಾನ್ಸಿನ ಜನ ತಮ್ಮ ಎಲುಬಿಗೆ ಸೂಜಿ ಚುಚ್ಚಿಸಿಕೊಂಡರೆಂಬುದು ಮಾತ್ರ ಚರ್ಚೆಗೆ ಹೊರತಾದ ಸತ್ಯ. ಅದೇ ವರ್ಷ ಜ್ಯಾಂ ದೋಸೆ ಎಂಬ ಫ್ರೆಂಚ್ ವಿಜ್ಞಾನಿ ಜೀವಕೋಶಗಳ ಮೇಲಿನ ಗುರುತುಗಳಲ್ಲಿ ಮೊದಲನೆಯದನ್ನು ಕಂಡುಹಿಡಿದರು. ಈಗ ಎಚ್‌ಎಲ್‌ಎ ಎಂದು ಕರೆಯುವ ಈ ಗುರುತುಗಳೇ ನನ್ನದು, ಅನ್ಯರದು ಎಂಬ ಭೇದವನ್ನು ದೇಹಕ್ಕೆ ತಿಳಿಸುತ್ತವೆ. ಅಮೆರಿಕದ ಡಾ. ಡೊನಾಲ್ ಥಾಮಸ್ 1957ರಿಂದ ಮೊದಲ್ಗೊಂಡು ದಶಕಗಳ ಕಾಲ, ಸೋಲಿನ ಮೇಲೆ ಸೋಲುಂಡರೂ ಬಿಡದೆ ಮಜ್ಜೆ ಕಸಿಯನ್ನು ಚಿಕಿತ್ಸೆಯಾಗಿ ರೂಪಿಸಿ 1990ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ನಮ್ಮ ದೇಶದಲ್ಲಿ 1980ರ ದಶಕದಲ್ಲಿಯೇ ಮುಂಬಯಿಯ ಟಾಟಾ ಆಸ್ಪತ್ರೆ ಹಾಗೂ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜುಗಳು ಈ ಕಾರ್ಯವನ್ನು ಆರಂಭಿಸಿದವು.

ಕಸಿಗೆ ಮೂರು ಗಂಡಾಂತರಗಳಿವೆ. ಮೊದಲನೆಯದು, ರೋಗಿಯ ದೇಹ ಬಂದ ಮಜ್ಜೆಯನ್ನು ತಿರಸ್ಕರಿಸುವುದು. ಎರಡನೆಯದು, ಬಂದ ಮಜ್ಜೆಯೊಳಗಿನ ರಕ್ಷಣಾಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆ ತಿರುಗಿಬೀಳುವುದು; ಅತಿಥಿಯೇ ಆತಿಥೇಯನನ್ನು ಹೊಡೆದಂತೆ. ಮೂರನೆಯದು, ಕಸಿಗೆ ಮುನ್ನ ಹಳೆಯ ಮಜ್ಜೆಯನ್ನು ತೆರವುಗೊಳಿಸಲು ಕೊಡುವ ವಿಷಸಮಾನವಾದ ಔಷಧ ಮತ್ತು ವಿಕಿರಣ.

ಈ ಮೂರನೆಯದರ ಬಗ್ಗೆ ವೈದ್ಯರು ಹೇಳಿದ ಒಂದು ಮಾತು ನಮ್ಮನ್ನು ಚಿಂತನೆಗೆ ಹಚ್ಚಿತು. ಮಜ್ಜೆ ಕಸಿಯ ಕ್ರಮಗಳು ಬಹುಮಟ್ಟಿಗೆ ರಕ್ತ ಕ್ಯಾನ್ಸರಿಗಾಗಿ ಬೆಳೆದುಬಂದವು. ಕ್ಯಾನ್ಸರಿನಲ್ಲಿ ಹಳೆಯ ಮಜ್ಜೆಯೊಳಗೆ ಶತ್ರು ಅಡಗಿದ್ದಾನೆ. ಅವನನ್ನು ಬೇರುಸಹಿತ ಸುಡಬೇಕು. ಹೊಸ ಮಜ್ಜೆ ಸ್ವಲ್ಪ ಕದನ ಹೂಡಿದರೂ ಅದು ಉಳಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದರಿಂದ ಲಾಭವೂ ಉಂಟು. ಆದರೆ ಮಜ್ಜೆ ಬರಡಾದ ಮಗುವಿನಲ್ಲಿ ಕೊಲ್ಲಬೇಕಾದ ಶತ್ರುವೇ ಇಲ್ಲ. ಅಲ್ಲಿ ಆ ಕದನದಿಂದ ಬರುವುದು ಕೇವಲ ನೋವು. ಇಬ್ಬರಿಗೂ ಒಂದೇ ಬೆಂಕಿ ಹಚ್ಚುವುದೆಂದರೆ ಇಲಿ ಬಂತೆಂದು ಮನೆಗೆ ಬೆಂಕಿಯಿಟ್ಟಂತೆ. ಅದೂ ಇಲಿಯೇ ಇಲ್ಲದ ಮನೆಗೆ!

ಸಾಧನವು ಉದ್ದೇಶಕ್ಕೆ ತಕ್ಕ ಅಳತೆಯಲ್ಲಿರಬೇಕೆಂಬುದು ನೀತಿಶಾಸ್ತ್ರದ ಹಳೆಯ ಪಾಠ. ಸಂತ ತೋಮಾಸ್ ಅಕ್ವಿನಾಸರು ವಿವೇಕವನ್ನು ಇತರ ನೈತಿಕ ಸದ್ಗುಣಗಳಿಗೆ ಮಾರ್ಗದರ್ಶಿಯೆಂದು ಪರಿಗಣಿಸಿದ್ದು ಇದೇ ಕಾರಣಕ್ಕೆ. ಸದುದ್ದೇಶ ಮಾತ್ರ ಇದ್ದರೆ ಸಾಲದು, ಈ ವ್ಯಕ್ತಿಗೆ, ಈ ಸ್ಥಿತಿಯಲ್ಲಿ ಯಾವುದು ಹಿತವೆಂಬ ಅರಿವೂ ಬೇಕು. ಕಳೆದ ನಾಲ್ಕು ದಶಕಗಳಲ್ಲಿ ಕಸಿಯನ್ನು ಸುರಕ್ಷಿತಗೊಳಿಸಿದ ಕಥೆಯೆಲ್ಲ ಈ ವಿವೇಕದ ಕಥೆಯೇ.

ಅಳತೆ ತಪ್ಪಿದರೆ ಮದ್ದೇ ಮೃತ್ಯು

ಫಾಂಕೋನಿ ರೋಗಿಗಳ ವಿಷಯದಲ್ಲಿ ಈ ಪಾಠ ಕಣ್ಣೀರಿನಿಂದ ಕಲಿತದ್ದು. ನಮ್ಮ ಜೀವಕೋಶಗಳ ವಂಶವಾಹಿ ಎಳೆಗಳಿಗೆ ದಿನವೂ ಹಾನಿಯಾಗುತ್ತದೆ, ದೇಹ ಅದನ್ನು ದಿನವೂ ರಿಪೇರಿ ಮಾಡುತ್ತದೆ. ಎರಡು ಎಳೆಗಳು ಒಂದಕ್ಕೊಂದು ಅಂಟಿಕೊಂಡಾಗ ಬಿಡಿಸುವ ಶಕ್ತಿ ಫಾಂಕೋನಿ ಮಕ್ಕಳಿಗಿಲ್ಲ. ಕಸಿಗೆ ಮುನ್ನ ಕೊಡುವ ಸೈಕ್ಲೋಫಾಸ್ಫಮೈಡ್‌ನಂತಹ ಔಷಧಗಳು ಮಾಡುವುದು ಇದನ್ನೇ, ಎಳೆಗಳನ್ನು ಅಂಟಿಸುವುದನ್ನೇ. ಆದ್ದರಿಂದ ಇತರರು ತಾಳಿಕೊಳ್ಳುವ ಪ್ರಮಾಣವು ಈ ಮಕ್ಕಳಿಗೆ ಪ್ರಾಣಾಂತಿಕವಾಯಿತು. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಡಾ. ಎಲಿಯಾನ್ ಗ್ಲುಕ್‌ಮನ್ ಇದನ್ನರಿತು 1980ರ ದಶಕದಲ್ಲಿ ಔಷಧದ ಪ್ರಮಾಣವನ್ನು ಬಹಳವಾಗಿ ತಗ್ಗಿಸಿದರು. ತಗ್ಗಿಸಿದಾಗ ಮಕ್ಕಳು ಉಳಿದರು! ಮುಂದೆ ಫ್ಲೂಡರಾಬೀನ್ ಎಂಬ ಔಷಧ ಬಂದು ಕಸಿ ಬೇರೂರುವುದು ಇನ್ನಷ್ಟು ಸುಲಭವಾಯಿತು. ವಿಕಿರಣವನ್ನು ಕಡಿಮೆ ಮಾಡಲು, ಅನೇಕರಲ್ಲಿ ಪೂರ್ತಿಯಾಗಿ ಕೈಬಿಡಲು ಸಾಧ್ಯವಾಯಿತು. ಈ ಮಕ್ಕಳು ದೊಡ್ಡವರಾದಾಗ ಬಾಯಿ, ಗಂಟಲಿನ ಕ್ಯಾನ್ಸರಿಗೆ ಸುಲಭವಾಗಿ ತುತ್ತಾಗುವುದರಿಂದ ವಿಕಿರಣ ತಪ್ಪಿದರೆ ಅವರ ಮುಂದಿನ ಬದುಕಿಗೂ ಒಳಿತು.

ಇದಕ್ಕೆಲ್ಲ ಮೊದಲು ರೋಗ ಯಾವುದೆಂದು ತಿಳಿಯಬೇಕು. ಫಾಂಕೋನಿ ಇರುವ ಕೆಲವು ಮಕ್ಕಳಲ್ಲಿ ಹೆಬ್ಬೆರಳಿನ ದೋಷ, ಕುಳ್ಳು ಮೈಕಟ್ಟು, ಚರ್ಮದ ಮೇಲೆ ಕಂದುಮಚ್ಚೆಗಳು ಕಾಣುತ್ತವೆ. ಕೆಲವರಲ್ಲಿ ಯಾವ ಹೊರಗುರುತೂ ಇಲ್ಲ. 1980ರ ದಶಕದ ಆದಿಯಲ್ಲಿ ನ್ಯೂಯಾರ್ಕಿನ ಆರ್ಲೀನ್ ಔರ್‌ಬಾಕ್ ರೂಢಿಗೆ ತಂದ ಪರೀಕ್ಷೆಯಲ್ಲಿ ರೋಗಿಯ ರಕ್ತಕೋಶಗಳಿಗೆ ರಾಸಾಯನಿಕವೊಂದನ್ನು ಸೇರಿಸಿ ವರ್ಣತಂತುಗಳು ಎಷ್ಟು ಮುರಿಯುತ್ತವೆ ಎಂದು ನೋಡುತ್ತಾರೆ. ಮಜ್ಜೆ ಬರಡಾದ ಯಾವ ಮಗುವಿಗೂ ಈ ಪರೀಕ್ಷೆಯಿಲ್ಲದೆ ಕಸಿಯ ಸಿದ್ಧತೆ ನಡೆಯಬಾರದು. ದಾನ ನೀಡಲು ಮುಂದಾದ ಅಣ್ಣ, ತಂಗಿಯರಿಗೂ ಇದೇ ಪರೀಕ್ಷೆ ಬೇಕು. ಹೊರಗೆ ಗಟ್ಟಿಮುಟ್ಟಾಗಿ ಕಾಣುವ ಅಣ್ಣನೊಳಗೂ ಅದೇ ರೋಗ ಇನ್ನೂ ಮಲಗಿರಬಹುದು.

ಇಲ್ಲಿ ನಮ್ಮ ಸೀಮೆಯ ಮಾತೊಂದನ್ನು ಹೇಳಲೇಬೇಕು. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ಫಾಂಕೋನಿ ಸಾಮಾನ್ಯವಾಗಿ ಪ್ರಕಟವಾಗುತ್ತದೆ. ಸೋದರಮಾವನನ್ನೋ, ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ಕಡೆ ಇದರ ಸಂಭವ ಹೆಚ್ಚು. ಹತ್ತಿರದ ರಕ್ತಸಂಬಂಧವನ್ನು ಧರ್ಮಸಭೆಯ ಕಾನೂನು ವಿವಾಹಕ್ಕೆ ಅಡ್ಡಿಯೆಂದು ಎಣಿಸುತ್ತದೆ. ವಿನಾಯಿತಿ ಕೇಳಿ ಬರುವ ಕುಟುಂಬಗಳು ಅದನ್ನು ಬರಿಯ ಕಾಗದದ ಕೆಲಸವೆಂದು ತಿಳಿಯದಿರಲಿ ಎಂಬುದು ನಮ್ಮ ಬಿನ್ನಹ.

ದಾನಿ ಯಾರು?

ಒಬ್ಬ ಒಡಹುಟ್ಟಿದವರು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಮನೆಗೆ ಒಂದೋ ಎರಡೋ ಮಕ್ಕಳಿರುವ ಈ ಕಾಲದಲ್ಲಿ ಹೆಚ್ಚಿನವರಿಗೆ ಆ ಭಾಗ್ಯವಿಲ್ಲ. ಈ ಕೊರತೆಯೇ ಎರಡು ಭಿನ್ನ ದಾರಿಗಳನ್ನು ತೋರಿಸಿತು. 1988ರಲ್ಲಿ ಗ್ಲುಕ್‌ಮನ್ ಅವರು ಅಮೆರಿಕದಿಂದ ಬಂದ ಫಾಂಕೋನಿ ಪೀಡಿತ ಪುಟ್ಟ ಬಾಲಕನಿಗೆ ಆಗತಾನೆ ಹುಟ್ಟಿದ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ನೀಡಿ ಗುಣಪಡಿಸಿದರು. ಹೊಕ್ಕುಳಬಳ್ಳಿಯ ರಕ್ತದ ಕಸಿ ಜಗತ್ತಿನಲ್ಲಿ ಅದೇ ಮೊದಲು. ಹೊರಗೆಸೆಯುವ ಬಳ್ಳಿಯೇ ಅಣ್ಣನಿಗೆ ಜೀವವಾಯಿತು.

2000ದಲ್ಲಿ ಅಮೆರಿಕದಲ್ಲಿ ಇನ್ನೊಂದು ಘಟನೆ ನಡೆಯಿತು. ಫಾಂಕೋನಿ ಪೀಡಿತ ಬಾಲಕಿಯೊಬ್ಬಳಿಗಾಗಿ ಪ್ರಯೋಗಶಾಲೆಯಲ್ಲಿ ಭ್ರೂಣಗಳನ್ನು ಸೃಷ್ಟಿಸಿ, ಪರೀಕ್ಷಿಸಿ, ಹೊಂದುವಂಥದ್ದನ್ನು ಆರಿಸಿ ತಮ್ಮನೊಬ್ಬನನ್ನು ಪಡೆಯಲಾಯಿತು. ಆ ಪಾಲಕರ ಸಂಕಟವನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಆಯ್ಕೆಯಾಗದ ಭ್ರೂಣಗಳ ಗತಿಯೇನು ಎಂಬ ಪ್ರಶ್ನೆಯನ್ನು ಆತ್ಮಸಾಕ್ಷಿ ಕೇಳದೆ ಬಿಡದು. 2008ರಲ್ಲಿ ವ್ಯಾಟಿಕನ್ ಹೊರಡಿಸಿದ 'ದಿಗ್ನಿತಾಸ್ ಪೆರ್ಸೋನೆ' ಎಂಬ ಬೋಧನಾಪತ್ರ ಈ ಎರಡು ದಾರಿಗಳ ವ್ಯತ್ಯಾಸವನ್ನು ಸ್ಪಷ್ಟಪಡಿಸಿದೆ. ಭ್ರೂಣವನ್ನು ನಾಶಗೊಳಿಸಿ ಕಾಂಡಕೋಶ ಪಡೆಯುವುದು ಸಲ್ಲದು. ವಯಸ್ಕರ ದೇಹದಿಂದಲೋ ಹೆರಿಗೆಯ ವೇಳೆ ಹೊಕ್ಕುಳಬಳ್ಳಿಯಿಂದಲೋ ಪಡೆಯುವುದು ಸಲ್ಲುತ್ತದೆ. ಕಾಂಡಕೋಶ ಎಂಬ ಪದ ಕೇಳಿದೊಡನೆ ಬೆಚ್ಚಿಬೀಳುವ ನಮ್ಮ ಜನ ಇದನ್ನರಿಯಬೇಕು. ಮಜ್ಜೆದಾನದಿಂದ ಯಾರ ಪ್ರಾಣಕ್ಕೂ ಕುತ್ತಿಲ್ಲ, ಅದು ಉದಾತ್ತವಾದ ಪರೋಪಕಾರ.

ಇಂತಹ ಧರ್ಮಸಂಕಟಕ್ಕೆ ವಿಜ್ಞಾನವೇ ಮತ್ತೊಂದು ಬಾಗಿಲು ತೆರೆದದ್ದು ಸಂತೋಷದ ಸಂಗತಿ. ತಂದೆಯಾಗಲಿ ತಾಯಿಯಾಗಲಿ ಮಗುವಿಗೆ ಅರ್ಧ ಹೊಂದಿಯೇ ಹೊಂದುತ್ತಾರೆ. ಹಿಂದೆ ಅರ್ಧ ಹೊಂದಿಕೆಯ ಕಸಿ ಎಂದರೆ ಸಾವಿಗೆ ಸಮೀಪ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಕಸಿಯಾದ ಮೂರನೆಯ, ನಾಲ್ಕನೆಯ ದಿನ ಸೈಕ್ಲೋಫಾಸ್ಫಮೈಡ್ ಕೊಡುವ ಕ್ರಮವನ್ನು ರೂಪಿಸಿದರು. ರೋಗಿಯ ಮೇಲೆ ಕೆರಳಿ ಆಗಷ್ಟೇ ವೃದ್ಧಿಸುತ್ತಿರುವ ದಾನಿಯ ರಕ್ಷಣಾಕೋಶಗಳನ್ನು ಅದು ಅಳಿಸುತ್ತದೆ. ಮೂಲಕೋಶಗಳಿಗೆ ಆ ಔಷಧವನ್ನು ನಿರ್ವೀರ್ಯಗೊಳಿಸುವ ಶಕ್ತಿಯಿರುವುದರಿಂದ ಅವು ಉಳಿಯುತ್ತವೆ. ಗದ್ದೆಯಲ್ಲಿ ಕಳೆ ತಲೆಯೆತ್ತಿದಾಗಲೇ ಕಿತ್ತಂತೆ. ಇನ್ನೊಂದು ವಿಧಾನದಲ್ಲಿ ಕದನ ಹೂಡುವ ಕೋಶಗಳನ್ನು ಅಯಸ್ಕಾಂತದ ಸಹಾಯದಿಂದ ಮೊದಲೇ ಸೋಸಿ ತೆಗೆಯುತ್ತಾರೆ.

ಬೆಂಕಿಯಿಲ್ಲದೆ ಹೊಲ ಹಸನು

2025ರ ಜುಲೈ ತಿಂಗಳಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟಿಸಿದ ವರದಿ ಈ ಹಾದಿಯ ಮುಂದಿನ ಮೈಲಿಗಲ್ಲು. ಮೂಲಕೋಶಗಳ ಮೈಮೇಲೆ ಸಿಡಿ 117 ಎಂಬ ಗ್ರಾಹಕವಿದೆ. ಮಜ್ಜೆಯ ಗೂಡಿನಲ್ಲಿ ಅವು ಬದುಕಿರಲು ಬೇಕಾದ ಸಂದೇಶ ಅದರ ಮೂಲಕ ಬರುತ್ತದೆ. ಬ್ರಿಕ್ವಿಲಿಮ್ಯಾಬ್ ಎಂಬ ಪ್ರತಿಕಾಯ ಆ ಬಾಗಿಲನ್ನು ಮುಚ್ಚುತ್ತದೆ. ಸಂದೇಶ ಸಿಗದ ಹಳೆಯ ಮೂಲಕೋಶಗಳು ಗೂಡು ಖಾಲಿ ಮಾಡುತ್ತವೆ, ಹೊಸವು ಬಂದು ನೆಲೆಸುತ್ತವೆ. ಉಳಿದ ಅಂಗಗಳಿಗೆ ವಿಕಿರಣದ ಸುಡುವಿಕೆ ಇಲ್ಲ. ಫಾಂಕೋನಿ ಪೀಡಿತ ಮೂವರು ಮಕ್ಕಳಿಗೆ ವಿಕಿರಣವನ್ನಾಗಲಿ ಬುಸುಲ್ಫಾನ್ ಎಂಬ ಉಗ್ರ ಔಷಧವನ್ನಾಗಲಿ ಕೊಡದೆ, ಪೂರ್ಣವಾಗಿ ಹೊಂದದ ದಾನಿಯ ಸೋಸಿದ ಕೋಶಗಳನ್ನೇ ಈ ರೀತಿ ಕಸಿ ಮಾಡಲಾಯಿತು. ಎರಡು ವರ್ಷಗಳ ಬಳಿಕವೂ ಅವರ ರಕ್ತವನ್ನು ಬಹುತೇಕ ದಾನಿಯ ಕೋಶಗಳೇ ತಯಾರಿಸುತ್ತಿದ್ದವು.

ಮೂವರೆಂದರೆ ಮೂವರೇ. ಕಸಿ ತಿರಸ್ಕಾರವಾಗದಂತೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಇತರ ಔಷಧಗಳು ಅವರಿಗೂ ಬೇಕಾದವು. ಇದನ್ನೇ ನಂಬಿ ಇಂದು ನಮ್ಮ ಮಕ್ಕಳ ಚಿಕಿತ್ಸೆಯನ್ನು ಮುಂದೂಡುವುದು ಅವಿವೇಕ. ಆದರೂ ಬೆಂಕಿಯಿಡದೆ ಹೊಲ ಹಸನು ಮಾಡಬಹುದೆಂಬ ಭರವಸೆ ಸಣ್ಣದಲ್ಲ.

ಸೋದರಮಾವನ ರಕ್ತ ಏಕೆ ಬೇಡ?

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ವೈದ್ಯರ ಉತ್ತರ ಹೀಗಿತ್ತು. ಮುಂದೆ ಮಗುವಿಗೆ ಮಜ್ಜೆ ಕೊಡಬೇಕಾದವರು ಮನೆಯವರೇ ಆಗಿರಬಹುದು. ಈಗಲೇ ಅವರ ರಕ್ತವನ್ನು ಕೊಟ್ಟರೆ ಮಗುವಿನ ದೇಹ ಆ ಗುರುತುಗಳನ್ನು ಶತ್ರುವೆಂದು ನೆನಪಿಟ್ಟುಕೊಳ್ಳುತ್ತದೆ. ನಾಳೆ ಅದೇ ಗುರುತಿನ ಮಜ್ಜೆ ಬಂದಾಗ ತಿರಸ್ಕರಿಸುತ್ತದೆ. ಎರಡನೆಯದಾಗಿ, ಹತ್ತಿರದ ಸಂಬಂಧಿಯ ರಕ್ತದಲ್ಲಿರುವ ರಕ್ಷಣಾಕೋಶಗಳು ಅರ್ಧ ಪರಿಚಿತರಂತೆ ಒಳನುಸುಳಿ, ದೇಹ ಎಚ್ಚರಗೊಳ್ಳುವ ಮುನ್ನವೇ ಅಲ್ಲಿ ಬೀಡುಬಿಟ್ಟು ಮಾರಕ ದಾಳಿ ಮಾಡಬಹುದು. ಆದ್ದರಿಂದ ಇಂಥ ಮಕ್ಕಳಿಗೆ ಅಪರಿಚಿತರ ರಕ್ತ ಬೇಕು. ಅದರಲ್ಲಿನ ಬಿಳಿಕಣಗಳನ್ನು ಸೋಸಿರಬೇಕು. ರಕ್ತದ ಚೀಲಕ್ಕೆ ವಿಕಿರಣ ಹಾಯಿಸಿ ಉಳಿದ ರಕ್ಷಣಾಕೋಶಗಳನ್ನು ನಿಷ್ಕ್ರಿಯಗೊಳಿಸಿರಬೇಕು. ಅಗತ್ಯಕ್ಕಿಂತ ಹೆಚ್ಚು ರಕ್ತವನ್ನೂ ಕೊಡಬಾರದು, ಏಕೆಂದರೆ ಪ್ರತಿ ಚೀಲವೂ ತಿರಸ್ಕಾರದ ಸಂಭವವನ್ನು ಹೆಚ್ಚಿಸುತ್ತದೆ. ಕಸಿ ಮಾಡುವುದೇ ಆದರೆ ವಿಳಂಬ ಸಲ್ಲದೆಂಬುದಕ್ಕೂ ಇದೇ ಕಾರಣ. ಸಕಾಲದಲ್ಲಿ, ಹೊಂದುವ ಒಡಹುಟ್ಟಿದವರ ಮಜ್ಜೆಯಿಂದ, ಅನುಭವೀ ಕೇಂದ್ರದಲ್ಲಿ ಕಸಿಯಾದ ಏಪ್ಲಾಸ್ಟಿಕ್ ಅನೀಮಿಯದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಬದುಕುಳಿಯುತ್ತಾರೆ.

ಇದನ್ನೆಲ್ಲ ಕೇಳಿ ನಾವು ಮೌನವಾದೆವು. ಮಗುವಿನ ಮೇಲಿನ ಅಕ್ಕರೆಯಿಂದಲೇ ಆ ಮನೆಯವರು ಅದರ ಏಕೈಕ ದಾರಿಯನ್ನು ಮುಚ್ಚಲಿದ್ದರು. ಅವರ ಪರವಾಗಿ ವಕಾಲತ್ತು ವಹಿಸಿ ಹೋದ ನಾವೂ ಅದಕ್ಕೆ ಪಾಲುದಾರರಾಗಲಿದ್ದೆವು. ನಾಲ್ಕಾರು ವರ್ಷ ತತ್ತ್ವಶಾಸ್ತ್ರ ಓದಿ ಸದುದ್ದೇಶಕ್ಕೂ ಸತ್ಕಾರ್ಯಕ್ಕೂ ಇರುವ ಅಂತರವನ್ನು ಕಲಿತಿದ್ದೆವು. ಆದರೆ ಅದರ ಅರ್ಥ ಹೊಳೆದದ್ದು ಆಸ್ಪತ್ರೆಯ ಆ ಮರದ ಬೆಂಚಿನ ಮೇಲೆ. ಪ್ರೀತಿ ಕೆಲವೊಮ್ಮೆ ಕೊಡುವುದರಲ್ಲಿದೆ, ಕೆಲವೊಮ್ಮೆ ಕೊಡದೆ ಕಾದಿರುವುದರಲ್ಲಿದೆ.

ಮರುದಿನ ಆ ಹಿರಿಯರಿಗೆ ಇದನ್ನು ವಿವರಿಸಿದೆವು. ಬಹಳ ಹೊತ್ತು ಸುಮ್ಮನಿದ್ದ ಅವರು, "ಹಾಗಾದರೆ ನಮ್ಮದನ್ನು ಕೂಡಿಟ್ಟಿದ್ದೇವೆ ಎಂದುಕೊಳ್ಳುತ್ತೇವೆ, ಸ್ವಾಮಿ" ಎಂದರು. ಮುಂದಿನ ವಾರ ನಮ್ಮ ಧರ್ಮಕೇಂದ್ರದ ಯುವಕರೂ, ಅವರೊಡನೆ ಪಕ್ಕದ ಬೀದಿಯ ಹಿಂದೂ, ಮುಸಲ್ಮಾನ ಗೆಳೆಯರೂ ಸರದಿಯ ಮೇಲೆ ರಕ್ತ ಮತ್ತು ಪ್ಲೇಟ್‌ಲೆಟ್ ಕೊಟ್ಟರು. ಮಗುವಿಗೆ ಇರುವುದು ಫಾಂಕೋನಿಯಲ್ಲ ಎಂದು ಪರೀಕ್ಷೆ ತಿಳಿಸಿತು. ಅಕ್ಕನ ಗುರುತುಗಳು ಹೊಂದಲಿಲ್ಲ. ತಂದೆಯ ಮಜ್ಜೆಯಿಂದ ಅರ್ಧ ಹೊಂದಿಕೆಯ ಕಸಿ ಮಾಡುವುದೆಂದು ವೈದ್ಯರು ನಿರ್ಧರಿಸಿದ್ದಾರೆ. ಅಂದು ಹಿಂದಕ್ಕೆ ಕಳುಹಿಸಲ್ಪಟ್ಟ ಅದೇ ತಂದೆ ಈಗ ಕರೆಗಾಗಿ ಕಾಯುತ್ತಿದ್ದಾರೆ.

ನಮ್ಮಿಂದೇನು ಸಾಧ್ಯ?

ಮೊದಲನೆಯದಾಗಿ, ಅಂಜಿಕೆ ಬಿಡೋಣ. ಇಂದು ಬಹುಪಾಲು ಅಪರಿಚಿತ ದಾನಿಗಳಿಂದ ಕಾಂಡಕೋಶ ಪಡೆಯುವುದು ತೋಳಿನ ರಕ್ತನಾಳದಿಂದಲೇ. ನಾಲ್ಕೈದು ದಿನ ಇಂಜೆಕ್ಷನ್ ಪಡೆದು, ಬಳಿಕ ಕೆಲವು ಗಂಟೆ ಯಂತ್ರದ ಪಕ್ಕ ಮಲಗಿದರಾಯಿತು. ಆದರೆ ಬರಡಾದ ಮಜ್ಜೆಯ ರೋಗಿಗಳಿಗೆ ಎಲುಬಿನಿಂದ ತೆಗೆದ ಮಜ್ಜೆಯೇ ಮೇಲು, ದೀರ್ಘಕಾಲದ ಕದನದ ಬಾಧೆ ಅದರಿಂದ ಕಡಿಮೆ. ಅರಿವಳಿಕೆ ಕೊಟ್ಟು ಸೊಂಟದ ಎಲುಬಿನಿಂದ ಅದನ್ನು ತೆಗೆಯುತ್ತಾರೆ. ಕೆಲವು ದಿನ ಸೊಂಟ ನೋಯಬಹುದು, ಬೆನ್ನುಹುರಿಯನ್ನು ಮುಟ್ಟುವುದಿಲ್ಲ, ಕೊಟ್ಟ ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬುತ್ತದೆ.

ಎರಡನೆಯದಾಗಿ, ಹದಿನೆಂಟು ದಾಟಿದ ಆರೋಗ್ಯವಂತ ಯುವಕ ಯುವತಿಯರು ದಾನಿಗಳ ಪಟ್ಟಿಯಲ್ಲಿ ಹೆಸರು ನೋಂದಾಯಿಸಲಿ. ಕೆನ್ನೆಯ ಒಳಬದಿಯನ್ನು ಹತ್ತಿಕಡ್ಡಿಯಿಂದ ಸವರಿ ಕೊಟ್ಟರೆ ಸಾಕು. ಚೆನ್ನೈಯ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಷನ್ ಇಂಡಿಯ ಮುಂತಾದ ಸಂಸ್ಥೆಗಳು ಇಂಥ ಪಟ್ಟಿಗಳನ್ನು ನಿರ್ವಹಿಸುತ್ತಿವೆ. ಹೊಂದಿಕೆ ಸಾಮಾನ್ಯವಾಗಿ ಒಂದೇ ಜನಾಂಗದವರ ನಡುವೆ ಸಿಗುವುದರಿಂದ ನಮ್ಮ ರೋಗಿಗೆ ನಮ್ಮವರೇ ಆಗಬೇಕು. ನಮ್ಮ ಜನಸಂಖ್ಯೆಗೆ ಹೋಲಿಸಿದರೆ ನೋಂದಾಯಿತರು ಇನ್ನೂ ಅತ್ಯಲ್ಪ. ನೋಂದಾಯಿಸಿದವರು ಕರೆ ಬಂದಾಗ ಹಿಂದೆಗೆಯದಿರಲಿ. ಆ ಹೊತ್ತಿಗೆ ರೋಗಿಯ ಹಳೆಯ ಮಜ್ಜೆಯನ್ನು ತೆರವುಗೊಳಿಸಿರಬಹುದು, ಅವನಿಗೆ ಮರಳುವ ದಾರಿಯಿರದು.

ಮೂರನೆಯದಾಗಿ, ಮಕ್ಕಳ ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ಪದೇಪದೇ ಜ್ವರ, ನಿಲ್ಲದ ಮೂಗಿನ ರಕ್ತಸ್ರಾವ ಕಂಡರೆ ದೃಷ್ಟಿ ತೆಗೆಯುತ್ತ ಕೂರದೆ ರಕ್ತಪರೀಕ್ಷೆ ಮಾಡಿಸೋಣ. ಕಾಯಿಲೆ ಇದೇ ಎಂದಾದರೆ, ಮನೆಯವರು ರಕ್ತ ಕೊಡುವ ಮುನ್ನ ವೈದ್ಯರನ್ನು ಒಂದು ಮಾತು ಕೇಳೋಣ.

ಪೋಪ್ ಎರಡನೇ ಜಾನ್ ಪೌಲರು 1995ರ ತಮ್ಮ ವಿಶ್ವಪತ್ರದಲ್ಲಿ ನ್ಯಾಯಸಮ್ಮತವಾದ ಅಂಗದಾನವನ್ನು ನಿತ್ಯಜೀವನದ ಸದ್ದಿಲ್ಲದ ವೀರಕಾರ್ಯಗಳ ಸಾಲಿನಲ್ಲಿ ಎಣಿಸಿದರು. ಆ ಕಾರ್ಯಕ್ಕೆ ನಮ್ಮೆಲ್ಲರ ತೋಳಿನಲ್ಲೂ ಎಲುಬಿನಲ್ಲೂ ಸಾಮಗ್ರಿ ಸಿದ್ಧವಾಗಿದೆ. ಆ ತಂದೆಗೆ ಆಸ್ಪತ್ರೆಯಿಂದ ಕರೆ ಬರುವ ದಿನ ನಮ್ಮ ದೇವಾಲಯದಲ್ಲಿ ಅವರಿಗಾಗಿ ಪ್ರಾರ್ಥನೆ ನಡೆಯಲಿದೆ. ಓದುಗರೂ ತಮ್ಮ ತಮ್ಮ ರೀತಿಯಲ್ಲಿ ಆ ಮಗುವನ್ನು ನೆನೆಯಬೇಕೆಂದು ಕೋರುತ್ತೇವೆ.